ಅತ್ತಿ ಮರ ಮತ್ತು ಅದರ ಕಣಜ

ಅತ್ತಿ ಮರದ ಹೂವನ್ನು ಕಂಡವರಿಲ್ಲ ಎನ್ನುವ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಮರ ಹೂ ಬಿಡುವುದು ನಿಜ, ಅದು ಕಾಣದಿರುವುದೂ ನಿಜ. ಜನ ಕಾಯಿ ಎಂದು ಕರೆಯುವುದೇ ಅದರ ಹೂಗೊಂಚಲು. ಸಾವಿರಾರು ಪುಟ್ಟ ಹೂಗಳು ಒಳಮುಖವಾಗಿ ಒತ್ತೊತ್ತಾಗಿ ನಿಂತಿರುತ್ತವೆ, ಸುತ್ತಲೂ ದಪ್ಪ ಗೋಡೆ. ತುದಿಯಲ್ಲಿ ಒಂದೇ ಒಂದು ಕಿಂಡಿ, ಅದನ್ನೂ ಪದರ ಪದರವಾದ ಪುಟ್ಟ ಎಸಳುಗಳು ಬಿಗಿಯಾಗಿ ಮುಚ್ಚಿರುತ್ತವೆ. ಗಾಳಿ ಒಳಗೆ ಬರುವಂತಿಲ್ಲ, ಜೇನ್ನೊಣಕ್ಕೆ ದಾರಿಯಿಲ್ಲ. ಇಂಥ ಹೂವಿಗೆ ಪರಾಗ ತಲುಪಿಸುವವರು ಯಾರು?

ಸುಮಾರು 2 ಮಿಲಿಮೀಟರ್ ಉದ್ದದ ಒಂದು ಕಣಜ. ವಿಜ್ಞಾನಿಗಳು ಅದಕ್ಕಿಟ್ಟ ಹೆಸರು ಸೆರಟೊಸೋಲನ್ ಫ್ಯೂಸಿಸೆಪ್ಸ್. ಹೂ ಮತ್ತು ಕೀಟಗಳ ನಂಟಿನ ಮಾತು ಬಂದಾಗ ಜೇನು, ಚಿಟ್ಟೆ, ದುಂಬಿಗಳೇ ಮುಂದೆ ಬರುತ್ತವೆ. ಈ ಬರಹ ಅತ್ತಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆ ನಂಟಿನಲ್ಲಿರುವ ಕೊಡುಕೊಳ್ಳುವಿಕೆ, ಮೋಸ, ಕಾವಲು, ದಂಡನೆ ಎಲ್ಲವೂ ಇಲ್ಲಿ ಒಂದೇ ಕಾಯಿಯ ಒಳಗೂ ಹೊರಗೂ ನಡೆಯುತ್ತವೆ.

ಕಾಯಿಯೊಳಗಿನ ಹೆಣ್ಣು ಹೂಗಳು ಹದಕ್ಕೆ ಬಂದಾಗ ಮರ ತನ್ನದೇ ಆದ ವಾಸನೆಯನ್ನು ಗಾಳಿಗೆ ಬಿಡುತ್ತದೆ. ಹೆಣ್ಣು ಕಣಜ ಆ ಜಾಡು ಹಿಡಿದು ಬಂದು ಕಾಯಿಯ ಮೇಲಿಳಿದು ಕಿಂಡಿ ಹುಡುಕುತ್ತದೆ. ಚಪ್ಪಟೆ ತಲೆಯನ್ನು ಪದರಗಳ ನಡುವೆ ತೂರಿಸಿ ಒಳಕ್ಕೆ ನುಸುಳುತ್ತದೆ. ಈ ಹೆಣಗಾಟದಲ್ಲಿ ರೆಕ್ಕೆಗಳು ಕಳಚಿಹೋಗುತ್ತವೆ, ಕುಡಿಮೀಸೆಯ ತುದಿ ಮುರಿಯುತ್ತದೆ. ಇನ್ನು ಹಾರುವ ಮಾತಿಲ್ಲ. ಒಳಗಿನ ಕತ್ತಲಲ್ಲಿ ಅದು ಹೂವಿನ ಶಲಾಕೆಯೊಳಗೆ ಸೂಜಿಯಂಥ ನಳಿಕೆ ಇಳಿಸಿ ಅಂಡಾಶಯದಲ್ಲಿ ಮೊಟ್ಟೆ ಇಡುತ್ತದೆ. ನಡುನಡುವೆ ಎದೆಯ ಬದಿಯಲ್ಲಿರುವ ಪುಟ್ಟ ಜೇಬುಗಳಿಂದ ಮುಂಗಾಲಿನಲ್ಲಿ ಪರಾಗ ತೆಗೆದು ಹೂಗಳಿಗೆ ಸವರುತ್ತದೆ. ಜೇನ್ನೊಣವೂ ಪರಾಗ ತುಂಬಿಕೊಳ್ಳುತ್ತದೆ, ಆದರೆ ಅದು ತನ್ನ ಮರಿಗಳ ಊಟಕ್ಕೆ. ದಾರಿಯಲ್ಲಿ ಇನ್ನೊಂದು ಹೂವಿಗೆ ಪರಾಗ ತಾಗುವುದು ಆಕಸ್ಮಿಕ. ಅತ್ತಿಯ ಕಣಜಕ್ಕಾದರೋ ಪರಾಗ ಹೊರಲೆಂದೇ ಜೇಬಿದೆ, ಸವರಲೆಂದೇ ಕಾಲಿನ ಚಲನೆಯಿದೆ. ಇಂಥ ಜೇಬುಗಳ ವಿವರ ವಿಜ್ಞಾನದ ಪತ್ರಿಕೆಗಳಲ್ಲಿ ಬಂದದ್ದು 1969ರಲ್ಲಿ.

ಮೊಟ್ಟೆ ಬಿದ್ದ ಹೂ ಗಂಟಾಗಿ ಮರಿಯನ್ನು ಸಾಕುತ್ತದೆ, ಉಳಿದ ಹೂಗಳಲ್ಲಿ ಬೀಜ ಕಟ್ಟುತ್ತದೆ. ಕೆಲವು ವಾರಗಳ ನಂತರ ಮೊದಲು ಹೊರಬರುವುದು ರೆಕ್ಕೆಯಿಲ್ಲದ ಗಂಡುಗಳು. ಇನ್ನೂ ಗಂಟಿನೊಳಗೇ ಇರುವ ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯಲ್ಲಿ ಸುರಂಗ ಕೊರೆದು ಅವು ಸಾಯುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಕಾಯಿಯೊಳಗಿನ ಗಂಡು ಹೂಗಳು ಅರಳಿರುತ್ತವೆ. ಹೆಣ್ಣುಗಳು ಜೇಬು ತುಂಬಿಕೊಂಡು ಹಾರುತ್ತವೆ. ಅವುಗಳ ಆಯುಸ್ಸು ಒಂದೋ ಎರಡೋ ದಿನ.

ಪರಾಗ ತಾರದೆ ಮೊಟ್ಟೆ ಮಾತ್ರ ಇಟ್ಟು ಹೋಗುವ ಕಣಜವಿದ್ದರೆ? ಪನಾಮದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದರು. ಪರಾಗವಿಲ್ಲದ ಕಣಜಗಳನ್ನು ಅತ್ತಿಯ ಕುಲದ ಮರಗಳ ಕಾಯಿಗಳೊಳಗೆ ಬಿಟ್ಟು ಕಾದರು. ಕಣಜವೇ ಪರಾಗ ಸವರುವ ಜಾತಿಗಳಲ್ಲಿ ಮರ ಅಂಥ ಕಾಯಿಗಳನ್ನು ಉದುರಿಸಿತು, ಇಲ್ಲವೇ ಅವುಗಳಲ್ಲಿ ಮರಿಗಳು ಕಡಿಮೆ ಹುಟ್ಟಿದವು. 2010ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ದಂಡನೆ ಸಡಿಲವಾಗಿರುವ ಜಾತಿಗಳಲ್ಲಿ ಪರಾಗ ತಾರದ ಕಣಜಗಳು ಹೆಚ್ಚು. ಹೂವು–ಕೀಟಗಳ ನಂಟನ್ನು ಬರೀ ಸ್ನೇಹವೆಂದು ಬಣ್ಣಿಸುವುದು ಅದಕ್ಕೆ ನ್ಯಾಯ ಮಾಡಿದಂತಲ್ಲ. ಇಬ್ಬರೂ ತಮ್ಮ ತಮ್ಮ ಸಂತಾನಕ್ಕಾಗಿ ದುಡಿಯುತ್ತಾರೆ, ಲೆಕ್ಕ ತಪ್ಪಿದಲ್ಲಿ ಮರ ಕೈಬಿಡುತ್ತದೆ.

ಕಳ್ಳರೂ ಇದ್ದಾರೆ. ಪರಾಗದ ಕೆಲಸಕ್ಕೇ ಕೈಹಾಕದ ಬೇರೆ ಕಣಜಗಳು ಹೊರಗಿನಿಂದಲೇ ಕಾಯಿಯ ಗೋಡೆ ಕೊರೆದು ಒಳಗೆ ಮೊಟ್ಟೆ ಇಳಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಂಥ ಒಂದು ಕಣಜದ ಕೂದಲೆಳೆಯ ನಳಿಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ತುದಿಯಲ್ಲಿ ಹಲ್ಲುಗಳು ಕಂಡವು, ಆ ಹಲ್ಲುಗಳಲ್ಲಿ ಸತುವು ಸೇರಿತ್ತು. ಮರದ ಪಾಲಿಗೆ ಕಾವಲಿನವರು ಇರುವೆಗಳು. ಮಲೆನಾಡಿನವರು ಚಗಳಿ ಎನ್ನುವ ಕೆಂಪಿರುವೆ ಕಾಯಿಗಳ ಮೇಲೆ ಓಡಾಡುತ್ತ, ಹೊರಗೆ ಕುಳಿತು ಕೊರೆಯುವ ಈ ಕಣಜಗಳನ್ನು ಹಿಡಿಯುತ್ತದೆ.

ಅತ್ತಿ ಕುಲದ ಮರಗಳು ಮತ್ತು ಪರಾಗ ತರುವ ಕಣಜಗಳ ಒಡನಾಟದ ವಯಸ್ಸು, ವಂಶವಾಹಿಗಳ ಲೆಕ್ಕಾಚಾರದ ಪ್ರಕಾರ, ಸುಮಾರು 7.5 ಕೋಟಿ ವರ್ಷ. ಡೈನೊಸಾರ್‌ಗಳು ಇನ್ನೂ ಇದ್ದ ಕಾಲ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ಸಿಕ್ಕ 3.4 ಕೋಟಿ ವರ್ಷ ಹಳೆಯ ಪಳೆಯುಳಿಕೆಯ ಕಣಜ ಇಂದಿನವುಗಳಿಗಿಂತ ಹೆಚ್ಚೇನೂ ಬೇರೆಯಿಲ್ಲ. ಪರಾಗದ ಜೇಬೂ ಇದೆ.

ಅತ್ತಿಯ ಕುಲದ್ದೇ ಆದ ಅಂಜೂರಕ್ಕೂ ಅದರದೇ ಕಣಜ ಬೇಕು. ಕ್ಯಾಲಿಫೋರ್ನಿಯಾದ ರೈತರಿಗೆ ಆ ಕಣಜದ ಬೆಲೆ ತಿಳಿಯಲು ಹತ್ತಾರು ವರ್ಷ ಹಿಡಿಯಿತು. 1880ರ ದಶಕದಲ್ಲಿ ಅವರು ಟರ್ಕಿಯ ಸ್ಮಿರ್ನಾದಿಂದ ಅಂಜೂರದ ಕಡ್ಡಿ ತಂದು ನೆಟ್ಟರು. ಗಿಡಗಳು ಸೊಂಪಾಗಿ ಬೆಳೆದವು, ಹಣ್ಣು ಮಾತ್ರ ನಿಲ್ಲದೆ ಉದುರಿತು. 1899ರಲ್ಲಿ ಆಲ್ಜೀರಿಯಾದಿಂದ ಕಣಜವಿರುವ ಕಾಡು ಅಂಜೂರ ತರಿಸಿದ ಮೇಲೆಯೇ ಬೆಳೆ ಕೈಗೆ ಬಂದದ್ದು. ಅಂಜೂರ ತಿಂದರೆ ಕಣಜ ತಿಂದಂತೆ ಎಂದು ಅಳುಕುವವರು ಒಂದು ಮಾತು ತಿಳಿದಿರಲಿ: ನಮ್ಮಲ್ಲಿ ಬೆಳೆಯುವ ಪುಣೆ ಅಂಜೂರ ಪರಾಗವಿಲ್ಲದೆಯೇ ಹಣ್ಣಾಗುವ ತಳಿ.

ಕಾಡಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸಂಗತಿ ಕಣಜದ ಆ ಪುಟ್ಟ ಆಯುಸ್ಸು. ಒಂದು ಮರದಿಂದ ಹಾರಿದ ಕಣಜಕ್ಕೆ ಆ ಒಂದೆರಡು ದಿನದೊಳಗೆ ಹದಕ್ಕೆ ಬಂದ ಇನ್ನೊಂದು ಮರ ಸಿಗಲೇಬೇಕು. ಹಾಗಾಗಿ ಅತ್ತಿ, ಅದೇ ಕುಲದ ಆಲ, ಬಸರಿಗಳು ಮಾವಿನಂತೆ ಒಂದೇ ಋತುವಿನಲ್ಲಿ ಕಾಯಿ ಬಿಡುವುದಿಲ್ಲ. ವರ್ಷದ ಯಾವ ತಿಂಗಳಲ್ಲೂ ಎಲ್ಲೋ ಒಂದು ಮರ ಕಾಯಿ ತುಂಬಿ ನಿಂತಿರುತ್ತದೆ. ಬೇರೆ ಹಣ್ಣು ಮುಗಿದ ದಿನಗಳಲ್ಲಿ ದಾಂಡೇಲಿಯ ಮಂಗಟ್ಟೆ, ಹಸಿರು ಪಾರಿವಾಳ, ಮಂಗ, ಬಾವಲಿಗಳನ್ನು ಸಾಕುವುದು ಈ ಮರಗಳೇ. ಜಗತ್ತಿನಲ್ಲಿ 1,200ಕ್ಕೂ ಹೆಚ್ಚು ಜಾತಿಯ ಪ್ರಾಣಿಪಕ್ಷಿಗಳು ಅತ್ತಿ ಕುಲದ ಹಣ್ಣು ತಿನ್ನುತ್ತವೆ.

ಆಯುಸ್ಸು ಚಿಕ್ಕದಾದರೂ, ನಮೀಬಿಯಾದ ಮರುಭೂಮಿಯಲ್ಲಿ ಇಂಥ ಕಣಜ ಗಾಳಿಯ ನೆರವಿನಿಂದ 160 ಕಿಲೋಮೀಟರ್ ದೂರದವರೆಗೂ ಪರಾಗ ಒಯ್ದದ್ದು ದಾಖಲಾಗಿದೆ. ಆದರೆ ಈ ಶಕ್ತಿಗೂ ಮಿತಿಯಿದೆ. 1998ರ ಬರದಲ್ಲಿ ಬೋರ್ನಿಯೋದ ಲಂಬಿರ್ ಕಾಡಿನ ಹಲವು ಅತ್ತಿ ಜಾತಿಗಳು ಕಾಯಿ ಬಿಡದೆ, ಅವುಗಳ ಕಣಜಗಳು ಅಲ್ಲಿ ನಾಶವಾದವು. ಸಿಂಗಪುರದ ಪ್ರಯೋಗಗಳಲ್ಲಿ ಉಷ್ಣತೆ ಕೆಲವೇ ಡಿಗ್ರಿ ಏರಿದಾಗ ಕಣಜಗಳ ಬದುಕು ಕೆಲವು ಗಂಟೆಗಳಿಗೆ ಇಳಿಯಿತು. ಬಿಸಿ ಏರುತ್ತಿರುವ ಕಾಲದಲ್ಲಿ ಮರದಿಂದ ಮರಕ್ಕೆ ದೂರ ಹೆಚ್ಚಬಾರದು.

ಕರ್ನಾಟಕದಲ್ಲಿ ರಸ್ತೆ ಅಗಲಿಸುವಾಗ ಇಂಥ ಮರಗಳೂ ಉರುಳುತ್ತವೆ. ಬದಲಿಗೆ ಗಿಡ ನೆಡುವಾಗ ಅತ್ತಿ, ಆಲ, ಬಸರಿಗಳನ್ನು ಮರೆಯಬಾರದು. ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ದಾರಿಯುದ್ದಕ್ಕೂ ಆಲವನ್ನೇ ನೆಟ್ಟು, ದೂರದಿಂದ ನೀರು ಹೊತ್ತು ಬೆಳೆಸಿದರು. ಊರಿನ ಕೆರೆ ಏರಿ, ಗುಂಡುತೋಪು, ಶಾಲೆಯ ಹಿಂದಿನ ಬಯಲು, ಎಲ್ಲಿ ಜಾಗವಿದೆಯೋ ಅಲ್ಲಿ ಓದುಗರು ಈ ಮಳೆಗಾಲದಲ್ಲಿ ಒಂದು ಅತ್ತಿ ನೆಡಲಿ. ಬಲಿತ ಕೊಂಬೆಯ ತುಂಡು ಊರಿದರೂ ಅದು ಬೇರು ಬಿಡುತ್ತದೆ.