ಓದಿದ ದುರ್ಗ, ನೋಡಿದ ಸುಲ್ತಾನ

ಕಾದಂಬರಿಯೊಂದು ತೆರೆಯ ಮೇಲೆ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಒಂದೇ: ಮೂಲಕ್ಕೆ ನ್ಯಾಯ ದೊರಕಿತೆ? ಸಾಮಾಜಿಕ ಕಾದಂಬರಿಯ ಮಟ್ಟಿಗೆ ಈ ಪ್ರಶ್ನೆ ಸಾಕು. ಐತಿಹಾಸಿಕ ಕಾದಂಬರಿಗೆ ಇದು ಸಾಲದು. ಏಕೆಂದರೆ ಅಲ್ಲಿ ಮೂಲವೆಂಬುದು ಎರಡು. ಕಾದಂಬರಿಯ ಹಿಂದೆ ಇತಿಹಾಸವಿದೆ. ಇತಿಹಾಸದ ಪಕ್ಕದಲ್ಲಿ ಜನರ ನೆನಪಿದೆ. ಇತಿಹಾಸದಿಂದ ಕಾದಂಬರಿಗೆ, ಕಾದಂಬರಿಯಿಂದ ತೆರೆಗೆ ಹೀಗೆ ಎರಡು ಹೊಳೆ ದಾಟಿ ಬರುವಾಗ ದಡ ಮುಟ್ಟುವುದೇನು, ಮುಳುಗಿಹೋಗುವುದೇನು ಎಂಬುದನ್ನು ಈ ಹೊತ್ತು ವಿಚಾರಿಸಬಯಸುತ್ತೇನೆ. ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ದಾವಣಗೆರೆ, ಹರಿಹರದ ಸೀಮೆಗೇ ಸಂಬಂಧಪಟ್ಟ ಉದಾಹರಣೆಯಿದೆ.

1976ರಲ್ಲಿ ಭಗವಾನ್ ಗಿಡ್ವಾನಿಯವರು 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಎಂಬ ಇಂಗ್ಲಿಷ್ ಕಾದಂಬರಿಯನ್ನು ಪ್ರಕಟಿಸಿದರು. ಅದನ್ನು ಆಧರಿಸಿದ, ಅದೇ ಹೆಸರಿನ ಹಿಂದಿ ಧಾರಾವಾಹಿ 1990ರಲ್ಲಿ ದೂರದರ್ಶನದಲ್ಲಿ ಆರಂಭವಾಯಿತು. ಸಂಜಯ್ ಖಾನ್ ಟಿಪ್ಪುವಿನ ಪಾತ್ರ ವಹಿಸಿದ್ದರು. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಇದರ ಚಿತ್ರೀಕರಣ ನಡೆಯುತ್ತಿದ್ದಾಗ, 1989ರ ಫೆಬ್ರವರಿ 8ರಂದು, ಬೆಂಕಿ ಹತ್ತಿ 62 ಮಂದಿ ಪ್ರಾಣ ಕಳೆದುಕೊಂಡದ್ದನ್ನು ನಾಡು ಮರೆತಿಲ್ಲ. ಆಮೇಲೆ ಧಾರಾವಾಹಿಯ ಪ್ರಸಾರವನ್ನು ಆಕ್ಷೇಪಿಸಿ ಮೊಕದ್ದಮೆಗಳಾದವು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ, ಇದು ಕಾದಂಬರಿಯೊಂದರ ನಾಟಕೀಯ ರೂಪ, ಕಲ್ಪಿತ ಕೃತಿ, ಇದರ ಘಟನೆಗಳು ಯಥಾರ್ಥವೆಂದು ಹೇಳಿಕೊಳ್ಳುವುದಿಲ್ಲ ಎಂಬ ಅರ್ಥದ ಪ್ರಕಟಣೆಯೊಂದಿಗೆ ಕಂತುಗಳು ಪ್ರಸಾರವಾದವು.

ಅದಕ್ಕೆ ಎಂಟು ವರ್ಷ ಮೊದಲು, 1982ರಲ್ಲಿ, ತ.ರಾ.ಸುಬ್ಬರಾಯರ 'ದುರ್ಗಾಸ್ತಮಾನ' ಪ್ರಕಟವಾಗಿತ್ತು. ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೊದಲಾದ ಕೃತಿಗಳಲ್ಲಿ ದುರ್ಗದ ಪಾಳೆಯಗಾರರ ಕಥೆಯನ್ನು ಮತ್ತೆ ಮತ್ತೆ ಎತ್ತಿಕೊಂಡ ಅವರು, ಕೊನೆಗೆ ಕಡೆಯ ಮದಕರಿನಾಯಕನ ಪತನವನ್ನು ಈ ಬೃಹತ್ ಕಾದಂಬರಿಯಲ್ಲಿ ಬರೆದರು. 1984ರಲ್ಲಿ ಅವರು ತೀರಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ 1985ರಲ್ಲಿ, ಅವರು ಹೋದ ಮೇಲೆ, ಈ ಕೃತಿಗೆ ಬಂದಿತು.

ಹೀಗಾಗಿ 1990ರಲ್ಲಿ ನಮ್ಮ ಊರಿನ ಓದುಗನ ಸ್ಥಿತಿ ವಿಚಿತ್ರವಾಗಿತ್ತು. ಅವನು ಓದಿದ ಕಾದಂಬರಿಯಲ್ಲಿ ಹೈದರಾಲಿ ದುರ್ಗದ ಶತ್ರು. ಅವನು ವಾರ ವಾರ ನೋಡುತ್ತಿದ್ದ ಧಾರಾವಾಹಿಯಲ್ಲಿ ಅದೇ ಹೈದರಾಲಿ ನಾಯಕನ ತಂದೆ, ಪರಾಕ್ರಮಿ, ಮುತ್ಸದ್ದಿ. ಆಗ ನಾನು ಕನ್ನಡ ಪಾಠ ಹೇಳುತ್ತಿದ್ದ ಕಿರಿಯ ಅಧ್ಯಾಪಕ. ತರಗತಿಯಲ್ಲಿ ಹುಡುಗರು ಕೇಳುತ್ತಿದ್ದರು: "ಸಾರ್, ಎರಡರಲ್ಲಿ ಯಾವುದು ನಿಜ?" ನೆರೆಮನೆಯಲ್ಲಿ ದುರ್ಗದ ಕಡೆಯ ವೃದ್ಧೆಯೊಬ್ಬರಿದ್ದರು. ಒಂದು ಕಂತು ಮುಗಿದ ಮೇಲೆ ಅವರು ನನ್ನನ್ನು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ನಮ್ಮ ಮದಕರಿನಾಯಕನ್ನ ಹಿಡಕೊಂಡು ಹೋದಾತ ಇವನೇ ಏನು ಮೇಷ್ಟ್ರೇ? ನೋಡಾಕೆ ಭಾಳ ಒಳ್ಳೇವ್ನಂಗೆ ಕಾಣ್ತಾನಲ್ಲ!" ಹುಡುಗರ ಪ್ರಶ್ನೆಗಿಂತ ಈ ತಾಯಿಯ ಬೆರಗು ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಂಡಿತು. ಅವರು ಯಾವುದು ನಿಜವೆಂದು ಕೇಳಲಿಲ್ಲ. ಒಬ್ಬನೇ ಮನುಷ್ಯ ಎರಡು ಕಡೆಯಿಂದ ಎರಡು ಬಗೆಯಾಗಿ ಕಾಣುವುದು ಹೇಗೆಂದು ಕೇಳಿದರು.

ಈಗ ಗಿಡ್ವಾನಿಯವರ ಕಾದಂಬರಿಯನ್ನೂ ಅದರ ತೆರೆಯ ರೂಪವನ್ನೂ ಹೋಲಿಸಿ ನೋಡೋಣ. ಬ್ರಿಟಿಷ್ ಬರಹಗಾರರು ಟಿಪ್ಪುವನ್ನು ಕ್ರೂರಿಯೆಂದು, ಮತಾಂಧನೆಂದು ಚಿತ್ರಿಸಿದ್ದರು. ಕಾದಂಬರಿ ಹುಟ್ಟಿದ್ದು ಆ ಚಿತ್ರಕ್ಕೆ ಉತ್ತರವಾಗಿ. ಅಂದರೆ ಅದೊಂದು ವಾದ. ವಾದವೆಂದ ಮೇಲೆ ಪ್ರತಿವಾದಿ ಇರಲೇಬೇಕು. ಓದುಗನಿಗೆ ಅದರ ಅರಿವು ಪುಟಪುಟದಲ್ಲಿಯೂ ಇರುತ್ತದೆ. ಒಪ್ಪದಿದ್ದಲ್ಲಿ ಪುಸ್ತಕ ಮುಚ್ಚಿ ಯೋಚಿಸಬಹುದು, ಬೇರೆ ಗ್ರಂಥ ತೆರೆದು ನೋಡಬಹುದು. ಧಾರಾವಾಹಿಯ ಚಿತ್ರಕಥೆಯನ್ನು ಬರೆದವರೂ ಗಿಡ್ವಾನಿಯವರೇ. ಆದರೆ ತೆರೆಗೆ ಬಂದಾಗ ವಾದ ಮರೆಯಾಗಿ ದೃಶ್ಯ ಮಾತ್ರ ಉಳಿಯಿತು. ಅರಮನೆ, ಆನೆ, ಕುದುರೆ, ಖಡ್ಗ, ನೌಷಾದರ ಸಂಗೀತ, ಇವೆಲ್ಲ ಕಣ್ಣನ್ನೂ ಕಿವಿಯನ್ನೂ ತುಂಬಿದಾಗ, ಇದು ಒಬ್ಬ ಲೇಖಕನ ಪಕ್ಷವೆಂಬುದು ನೋಡುವವನಿಗೆ ಹೊಳೆಯುವುದಿಲ್ಲ. ಬರೆದವರು ಒಬ್ಬರೇ ಆದರೂ ಕೃತಿಯ ಸ್ವಭಾವವೇ ಬದಲಾಯಿತು. ಇದು ನಿರ್ದೇಶಕರ ದೋಷವೆಂದು ನಾನು ಹೇಳುವುದಿಲ್ಲ. ಮಾಧ್ಯಮದ ಗುಣವೇ ಹಾಗಿದೆ.

ನಮ್ಮ ಕನ್ನಡದಲ್ಲಿ ಒಂದು ಪುಟ್ಟ ಶಬ್ದವಿದೆ: 'ಅಂತೆ'. ರಾಜ ಬಂದ ಎನ್ನುವುದಕ್ಕೂ ರಾಜ ಬಂದನಂತೆ ಎನ್ನುವುದಕ್ಕೂ ಎಷ್ಟು ಅಂತರ! ಮೊದಲನೆಯದು ಕಂಡವನ ಮಾತು. ಎರಡನೆಯದು ಕೇಳಿದವನ ಮಾತು. ನಮ್ಮ ಅಜ್ಜಿಯರು ಕಥೆ ಹೇಳಿದ್ದೆಲ್ಲ ಈ 'ಅಂತೆ'ಯ ಬಲದಿಂದ. ಐತಿಹಾಸಿಕ ಕಾದಂಬರಿಕಾರನಿಗೂ ಇದು ಲಭ್ಯ. ಆತ ಊಹಿಸಬಲ್ಲ, ಸಂಶಯಿಸಬಲ್ಲ, ಒಂದೇ ಘಟನೆಯನ್ನು ಇಬ್ಬರ ಮನಸ್ಸಿನೊಳಗಿನಿಂದ ಎರಡು ಬಗೆಯಾಗಿ ಹೇಳಬಲ್ಲ. ಕ್ಯಾಮೆರಾಕ್ಕೆ ಮಾತ್ರ 'ಅಂತೆ' ಬರುವುದಿಲ್ಲ. ಅದು ತೋರಿಸಿದ್ದೆಲ್ಲ ಕಣ್ಣೆದುರು ನಡೆದದ್ದೇ ಆಗುತ್ತದೆ. ಧಾರಾವಾಹಿಯ ಜತೆಗೆ ಹಾಕಿದ ಆ ಪ್ರಕಟಣೆ, ವಿಚಾರಿಸಿ ನೋಡಿದರೆ, ತೆರೆಗೆ ಹೊರಗಿನಿಂದ ಅಂಟಿಸಿದ ಒಂದು 'ಅಂತೆ'. ಆದರೆ ಅಕ್ಷರಗಳು ಕ್ಷಣದಲ್ಲಿ ಸರಿದುಹೋದವು, ಚಿತ್ರಗಳು ಮನಸ್ಸಿನಲ್ಲಿ ನಿಂತವು.

ಇದು ಸುಲ್ತಾನನ ಕಥೆಯೊಂದರ ಹಣೆಬರಹವಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ 'ನಾಗರಹಾವು' ಚಿತ್ರದಲ್ಲಿ ಒನಕೆ ಓಬವ್ವನ ಪ್ರಸಂಗ ಹಾಡಿನ ರೂಪದಲ್ಲಿ ಬರುತ್ತದೆ. ಜಯಂತಿಯವರು ಆ ಪಾತ್ರವನ್ನು ಅಭಿನಯಿಸಿದರು. ಅಲ್ಲಿಯವರೆಗೆ ಓಬವ್ವ ದುರ್ಗದ ಜನರ ಬಾಯಲ್ಲಿ, ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿ ಬದುಕಿದ್ದಳು. ಆಮೇಲೆ ನಾಡಿಗೆಲ್ಲ ಅವಳಿಗೆ ಒಂದೇ ಮುಖ, ಒಂದೇ ನಿಲುವು. ಆ ದೃಶ್ಯ ಅವಳನ್ನು ಮನೆಮನೆಗೆ ತಲುಪಿಸಿತು. ಅದು ದೊಡ್ಡ ಉಪಕಾರ. ಆದರೆ ಕೇಳಿದವನು ತನ್ನ ಓಬವ್ವನನ್ನು ತಾನೇ ಕಲ್ಪಿಸಿಕೊಳ್ಳುವ ಅವಕಾಶ ಅಂದಿಗೆ ಮುಗಿಯಿತು.

ಇದಕ್ಕೆ ಪ್ರತಿಯಾಗಿ 'ದುರ್ಗಾಸ್ತಮಾನ'ವನ್ನು ನೋಡಿ. ಹೆಸರೇ ಕಥೆಯ ಅಂತ್ಯವನ್ನು ಹೇಳಿಬಿಡುತ್ತದೆ. ಮುಂದೇನಾಯಿತೆಂಬ ಕುತೂಹಲಕ್ಕೆ ಅಲ್ಲಿ ಎಡೆಯಿಲ್ಲ. ಏಕೆ ಹೀಗಾಯಿತು ಎಂಬುದೇ ಅಲ್ಲಿನ ಪ್ರಶ್ನೆ. ಹನ್ನೆರಡು ವರ್ಷದ ಬಾಲಕನಾಗಿ 1754ರಲ್ಲಿ ಪಟ್ಟಕ್ಕೆ ಬಂದ ಮದಕರಿನಾಯಕ ಮುಂದೆ ಹೈದರನ ಜತೆಗೂ ಸೇರಿ ಹೋರಾಡಿದ, ಪೇಶ್ವೆ ಮಾಧವರಾಯನ ಪರವಾಗಿ 1770ರಲ್ಲಿ ನಿಜಗಲ್ಲಿನ ಕೋಟೆಗೂ ಲಗ್ಗೆ ಹಾಕಿದ. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕ ಚಿಕ್ಕ ರಾಜ್ಯದ ಪಾಡು ಅದು. 1779ರಲ್ಲಿ ಕೋಟೆ ಬಿದ್ದಾಗ ನಾಯಕನೂ ಅವನ ಪರಿವಾರದವರೂ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಸಾವಿರಾರು ಮಂದಿ ಬೇಡರನ್ನೂ ಅಲ್ಲಿಗೆ ಸಾಗಿಸಲಾಯಿತು. ತ.ರಾ.ಸು. ಅವರಿಗೆ ದುರ್ಗದ ಮೇಲೆ ಮೋಹವಿಲ್ಲವೆಂದಲ್ಲ. ಅವರ ಪಕ್ಷಪಾತ ಎಲ್ಲರಿಗೂ ತಿಳಿದದ್ದೇ. ಆದರೂ ಒಳಗಿನ ಬಿರುಕನ್ನು ಕಾಣಿಸದೆ ಹೊರಗಿನ ಶತ್ರುವೊಬ್ಬನ ಮೇಲೆಯೇ ಎಲ್ಲವನ್ನೂ ಹೊರಿಸಿದ್ದರೆ ಅದು ಇಷ್ಟು ದೊಡ್ಡ ಕಾದಂಬರಿಯಾಗುತ್ತಿರಲಿಲ್ಲ.

ಇನ್ನು ನಮ್ಮ ಊರಿನ ಮಾತು. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಮನಸ್ಸಿನಲ್ಲಿ ನಾವು ಇಂದಿಗೂ ದುರ್ಗದ ಸೀಮೆಯವರೇ. ಹೈದರನೆಂದರೆ ನಮಗೆ ದುರ್ಗವನ್ನು ಕೆಡವಿದವನು. ಆದರೆ ಗ್ಯಾಸೆಟಿಯರುಗಳನ್ನು ತೆರೆದು ನೋಡಿದರೆ ಬೇರೊಂದು ಸಂಗತಿ ಕಾಣಸಿಗುತ್ತದೆ. ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿ ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಊರು ಪೇಟೆಯಾಗಿ ಬೆಳೆಯಿತು. ದುರ್ಗದ ಬೇಡರಿಗೆ ಸೆರೆ ತಂದವನ ಕೈಯೇ ದಾವಣಗೆರೆಯ ಪೇಟೆಗೆ ಬುನಾದಿಯನ್ನೂ ಹಾಕಿಸಿತು. ಎರಡೂ ನಡೆದ ಸಂಗತಿಗಳೇ. ಒಂದನ್ನು ಇನ್ನೊಂದು ಅಳಿಸುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದಿಡಬಲ್ಲ ಧಾರಾವಾಹಿ ಅಸಾಧ್ಯವೆಂದಲ್ಲ. ಆದರೆ ವಾರ ವಾರ ಜನ ಕಾದು ನೋಡುವ ಕಥೆಗೆ ಒಬ್ಬ ನಾಯಕ, ಒಬ್ಬ ಖಳ ಬೇಕೇ ಬೇಕೆಂಬ ರೂಢಿ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಅಂದು ಹುಡುಗರು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನೇ ಇಂದೂ ಕೊಡುತ್ತೇನೆ. ಎರಡರಲ್ಲಿ ಒಂದನ್ನು ಆರಿಸಬೇಡಿ. ಒಂದು ದುರ್ಗದ ಬತೇರಿಯ ಮೇಲೆ ನಿಂತು ಕಂಡದ್ದು, ಇನ್ನೊಂದು ಶ್ರೀರಂಗಪಟ್ಟಣದ ಕೋಟೆಯಿಂದ ಕಂಡದ್ದು. ನಿಂತ ಜಾಗ ಯಾವುದೆಂದು ಮೊದಲು ಕೇಳಿ. ಆಮೇಲೆ ನೋಡಿದ್ದನ್ನು ನಂಬುವ ಮಾತು. ಇಂದು ಟಿಪ್ಪುವಿನ ಹೆಸರೆತ್ತಿದರೆ ಬೀದಿಯಲ್ಲಿ ಜಗಳವಾಗುವ ಕಾಲ. ಜಗಳವಾಡುವ ಎರಡು ಪಕ್ಷದವರೂ ಬಹುಮಟ್ಟಿಗೆ ನೋಡಿದವರು, ಓದಿದವರಲ್ಲ. ಅವರ ಮಾತಿನಲ್ಲಿ ಎಲ್ಲವೂ 'ಆಯಿತು'. 'ಆಯಿತಂತೆ' ಎಂಬುದೇ ಇಲ್ಲ. ತೆರೆಯ ಮೇಲಿನ ವೈಭವವನ್ನು ಸಂತೋಷವಾಗಿ ನೋಡೋಣ, ಆದರೆ ಅದು ಮುಗಿದ ಮೇಲೆ ಕಪಾಟಿನಿಂದ ಪುಸ್ತಕವನ್ನೂ ತೆಗೆಯೋಣ, ಒಂದಲ್ಲ, ಎರಡು. ಅವೆರಡೂ ಒಂದನ್ನೊಂದು ಒಪ್ಪದಿದ್ದರೆ ಗಾಬರಿಪಡಬೇಕಾಗಿಲ್ಲ. ಇತಿಹಾಸದ ವಿದ್ಯಾಭ್ಯಾಸ ಆರಂಭವಾಗುವುದು ಅಲ್ಲಿಂದಲೇ.