ಪಿರಿಯಾಪಟ್ಟಣದ ‘ಪ’, ಹೆಗ್ಗಡದೇವನಕೋಟೆಯ ‘ಹ’

ಬರವಣಿಗೆ ತಿದ್ದಿಕೊಳ್ಳುವುದು ಎಂದೊಡನೆ ಬಹಳ ಜನರಿಗೆ ನೆನಪಾಗುವುದು ಮೇಷ್ಟರ ಕೆಂಪು ಶಾಯಿ. ತಪ್ಪು ಯಾವುದೆಂದು ಅದು ತೋರಿಸುತ್ತದೆ. ಏಕೆ ತಪ್ಪಾಯಿತೆಂದು ಹೇಳುವುದಿಲ್ಲ. ಮೈಸೂರು ಜಿಲ್ಲೆಯ ಪಶ್ಚಿಮದ ತಾಲೂಕುಗಳಲ್ಲಿ ಆ ‘ಏಕೆ’ಗೆ ಊರಿನ ಹೆಸರುಗಳಲ್ಲೇ ಉತ್ತರವಿದೆ.

ಹಳಗನ್ನಡದ ‘ಪಾಲು’ ನಡುಗನ್ನಡದ ಕಾಲಕ್ಕೆ ‘ಹಾಲು’ ಆಯಿತು. ಪುಲಿ ಹುಲಿಯಾಯಿತು, ಪಿರಿಯ ಹಿರಿಯನಾದ. ಪಿರಿಯಾಪಟ್ಟಣ ಮಾತ್ರ ತನ್ನ ಪಕಾರವನ್ನು ಬಿಟ್ಟುಕೊಡಲಿಲ್ಲ. ಹೆಗ್ಗಡದೇವನಕೋಟೆಯ ದಾರಿ ಬೇರೆ. ಅಲ್ಲಿ ‘ಪೆರ್ಗಡೆ’ ಎಂಬ ಹಳೆಯ ಅಧಿಕಾರಪದ ‘ಹೆಗ್ಗಡೆ’ಯಾಗಿ ನಿಂತಿದೆ. ಆ ಹಕಾರವೂ ಹಳ್ಳಿಯ ಮಾತಿನಲ್ಲಿ ಉಳಿಯಲಿಲ್ಲ: ಹಾಲು ‘ಆಲು’, ಹುಲಿ ‘ಉಲಿ’, ಹುಣಸೂರು ‘ಉಣಸೂರು’. ಹಾಗೆ ಬರೆದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವುದು ಅನ್ಯಾಯ. ಪಾಲು ಹಾಲಾದ ದಾರಿಯಲ್ಲೇ ಅವನ ನಾಲಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ, ಅಷ್ಟೆ.

ಆದರೂ ಬರಹದಲ್ಲಿ ಹಕಾರ ಬೇಕು. ‘ಹಾಡು’, ‘ಆಡು’ ಎರಡನ್ನೂ ಒಂದೇ ರೀತಿ ಬರೆದರೆ ಮಗು ಹಾಡುತ್ತಿದೆಯೋ ಆಡುತ್ತಿದೆಯೋ ತಿಳಿಯದು. ಎದುರು ಕುಳಿತು ಕೇಳುವವನು ಸಂದರ್ಭ ನೋಡಿ ಅರ್ಥ ಮಾಡಿಕೊಂಡಾನು; ಓದುವವನಿಗೆ ಆ ಅನುಕೂಲವಿಲ್ಲ. ಈ ಕಾರಣವನ್ನು ಹೇಳಿಕೊಡದೆ ಬರೀ ಗದರಿಸಿದರೆ ಇನ್ನೊಂದು ಅನಾಹುತ. ಹೆದರಿದವರು ಇಲ್ಲದ ಕಡೆಯೂ ಹಕಾರ ತುರುಕುತ್ತಾರೆ. ದೇವರಾಜ ಅರಸರ ಹುಣಸೂರಿನಲ್ಲೇ ‘ಅರಸು’ ಎಂಬುದು ‘ಹರಸು’ ಆದರೆ ದೊರೆ ಹೋಗಿ ಆಶೀರ್ವಾದ ಬಂದಂತಾಯಿತು! ‘ಎಚ್.ಡಿ. ಕೋಟೆ’ಯೋ ‘ಹೆಚ್.ಡಿ. ಕೋಟೆ’ಯೋ ಎಂಬುದು ಅಷ್ಟು ದೊಡ್ಡ ಜಗಳವಲ್ಲ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ಪದಗಳ ನಡುವಿನ ಜಾಗವೂ ಅರ್ಥ ಕೆಡಿಸಬಲ್ಲದು. ‘ಈ ವರ್ಷ ಬೇಗ ಬರಬೇಕು’ ಎಂದು ಮಳೆಯ ಬಗ್ಗೆ ಬರೆಯಹೊರಟವನು ‘ಬರ ಬೇಕು’ ಎಂದು ಬಿಡಿಸಿ ಬರೆದರೆ ಬೇಡಿದ್ದೇ ಬೇರೆಯಾಗುತ್ತದೆ.

ಇನ್ನು ಪದದ ಆಯ್ಕೆ. ಮನೆಮಾತಿನ ಪದ ಬಳಸಿದರೆ ಬರಹ ಹಗುರವಾಗುತ್ತದೆಂಬ ಅಂಜಿಕೆ ಹಲವರಲ್ಲಿದೆ. ಹುಣಸೂರು ತಾಲೂಕಿನ ಕಲ್ಲಹಳ್ಳಿಯವರಿಗೆ ಈ ಅಂಜಿಕೆ ಇರಬೇಕಾಗಿಲ್ಲ. 16ನೇ ಶತಮಾನದ ಆರಂಭದಲ್ಲಿ ಅಲ್ಲಿನ ಮೂರನೆಯ ಮಂಗರಸ ಅಡುಗೆಯನ್ನೇ ವಸ್ತುವಾಗಿಸಿ ‘ಸೂಪಶಾಸ್ತ್ರ’ ಬರೆದ. ಅದೇ ಕಲ್ಲಹಳ್ಳಿಯ ಚದುರಂಗರು ‘ವೈಶಾಖ’ ಕಾದಂಬರಿಯಲ್ಲಿ ಹಳ್ಳಿಗರ ಆಡುಮಾತನ್ನು ಬಳಸಿದರು. ಅದಕ್ಕೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊಗೆಸೊಪ್ಪು ಹದ ಮಾಡುವ ಮನೆಗೆ ಹುಣಸೂರಿನ ರೈತರು ‘ಬ್ಯಾರನ್’ ಎನ್ನುತ್ತಾರೆ. ಇಂಗ್ಲಿಷಿನಿಂದ ಬಂದದ್ದಾದರೂ ಅದೀಗ ಅವರ ಪದ. ‘ಧೂಮಪತ್ರ ಸಂಸ್ಕರಣಾ ಗೃಹ’ ಎಂದು ಬರೆದರೆ ಅದರ ಒಡೆಯನೇ ಬೆಚ್ಚಿಬೀಳುತ್ತಾನೆ.

ಈ ಅಂಜಿಕೆಯಿಂದ ನಿಜವಾದ ನಷ್ಟವಾಗುವುದು ಅರ್ಜಿಗಳಲ್ಲಿ. ಕೃಷ್ಣರಾಜನಗರದ ಕಡೆಯ ನಾಲೆ ಬಯಲಿನ ರೈತನೊಬ್ಬ ಹೀಗೆ ಬರೆಸಿದನೆನ್ನಿ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ಜಮೀನಿಗೆ ಸಮರ್ಪಕವಾಗಿ ನೀರು ಹಾಯಿಸಲ್ಪಟ್ಟಿರುವುದಿಲ್ಲವಾದ್ದರಿಂದ...’ ನೀರು ಎಂಬ ಮಾತು ಬರುವಷ್ಟರಲ್ಲಿ ಓದುವ ಗುಮಾಸ್ತ ಹಾಳೆ ತಿರುವಿರುತ್ತಾನೆ. ಎಷ್ಟು ದಿನದಿಂದ ನೀರಿಲ್ಲ, ಕೆಟ್ಟಿರುವುದೇನು, ಆಗಬೇಕಾದ್ದೇನು, ಒಂದೂ ಅದರಲ್ಲಿಲ್ಲ. ಆ ರೈತ ಮನೆಯಲ್ಲಿ ಹೇಳಿಕೊಂಡದ್ದನ್ನೇ ಕಾಗುಣಿತ ತಿದ್ದಿ ಬರೆದರೆ ಹೀಗಾಗುತ್ತದೆ:

‘ನಮ್ಮ ಗದ್ದೆಗೆ 15 ದಿನದಿಂದ ನೀರು ಬಂದಿಲ್ಲ. ತೂಬಿನ ಬಾಗಿಲು ಮುರಿದಿದೆ. ಪೈರು ಒಣಗುತ್ತಿದೆ. ಈ ವಾರದೊಳಗೆ ಬಾಗಿಲು ಸರಿಮಾಡಿಸಿಕೊಡಿ.’