ಹಳೇ ಕಾರಿಗೆ ರಿಪೇರಿಯೋ, ಹೊಸ ಕಾರಿಗೆ ಲೀಸೋ?

ದಿನಾ ಊರಿನವರ ಲೆಕ್ಕ, ಸರ್ಕಾರದ ಲೆಕ್ಕ ಕೇಳೋದು ನನ್ನ ಕೆಲಸ. ಇವತ್ತು ನನ್ನ ಮನೆಯ ಲೆಕ್ಕವನ್ನೇ ನಿಮ್ಮ ಮುಂದೆ ಇಡ್ತೀನಿ. ಇದೇ ಲೆಕ್ಕ ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ನಡೀತಾ ಇರಬಹುದು.

ನಮ್ಮ ಮನೆಯಲ್ಲೊಂದು ಸಣ್ಣ ಕಾರಿದೆ. 2010ರದು. ತಿಪಟೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ನಮ್ಮಪ್ಪ ನಿವೃತ್ತಿಯ ದುಡ್ಡಿಗೆ ಒಂದಿಷ್ಟು ಕೊಬ್ಬರಿ ಮಾರಿದ ದುಡ್ಡು ಸೇರಿಸಿ ತಗೊಂಡಿದ್ದು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಸ್ಟೀರಿಂಗ್ ಮುಟ್ಟಲಿಲ್ಲ. ಕೀ ನನ್ನ ಕೈಗೆ ಬಂತು, ಕಾರು ಬೆಂಗಳೂರಿಗೆ ಬಂತು. ನಂಬರ್ ಪ್ಲೇಟ್ ಮಾತ್ರ ಈಗಲೂ ಕೆಎ 44. ಈ ವರ್ಷಕ್ಕೆ ಅದಕ್ಕೆ 15 ತುಂಬಿತು.

15 ತುಂಬಿದ ತಕ್ಷಣ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. 'ಇನ್ನು ಅದು ಗುಜರಿಗೇ ಹೋಗಬೇಕು, ಸರ್ಕಾರದ ರೂಲ್ಸು.' ಮೊದಲು ಈ ಗೊಂದಲ ಬಿಡಿಸೋಣ. ಪೆಟ್ರೋಲ್ ಕಾರಿಗೆ 15 ವರ್ಷ, ಡೀಸೆಲ್‌ಗೆ 10 ವರ್ಷ ಅನ್ನೋ ಮಿತಿಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದ್ದು ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯಕ್ಕೆ. ಕರ್ನಾಟಕಕ್ಕೆ ಅಲ್ಲ. 2021ರ ಗುಜರಿ ನೀತಿ ಕೂಡ ಸ್ವಂತ ಬಳಕೆಯ ಕಾರಿನ ವಯಸ್ಸು ನೋಡಿ ಅದನ್ನು ಒಡೀರಿ ಅನ್ನೋದಿಲ್ಲ. ಅದು ನೋಡೋದು ಗಾಡಿ ಓಡಲು ಯೋಗ್ಯವೋ ಅಲ್ಲವೋ ಅಂತ. ನಮ್ಮಲ್ಲಿ 15 ವರ್ಷ ಮುಗಿಯುವ ಮುನ್ನ ಫಾರಂ 25 ಕೊಟ್ಟು, ಗಾಡಿಯನ್ನು ಆರ್‌ಟಿಒ ತಪಾಸಣೆಗೆ ಒಯ್ದು, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ನೋಂದಣಿ ಇನ್ನೂ 5 ವರ್ಷಕ್ಕೆ ನವೀಕರಣ ಆಗುತ್ತೆ. ಕಾರಿಗೆ ಆ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿಸಿದ್ದಾರೆ. ಅಂದರೆ ಕಾನೂನು ಕಾರನ್ನು ಬಿಡು ಅನ್ನಲಿಲ್ಲ. ತೀರ್ಮಾನ ನನ್ನ ತಲೆಗೇ ಬಂತು.

ತಪಾಸಣೆಗೆ ಮೊದಲು ಮೈಸೂರು ರಸ್ತೆಯ ನಮ್ಮ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಗಾಡಿಯನ್ನು ಮೇಲೆತ್ತಿ, ಬ್ಯಾಟರಿ ಬಿಟ್ಟು ನೋಡಿ, ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಕ್ಲಚ್ 7,000. ಸಸ್ಪೆನ್ಷನ್ ಮತ್ತು ಬ್ರೇಕ್ ಕೆಲಸ 14,000. ನಾಲ್ಕು ಟೈರು 14,000. ರೇಡಿಯೇಟರ್ ಮತ್ತು ಪೆಟ್ರೋಲ್ ಪೈಪುಗಳು 5,000. ಎಸಿ 18,000. ಟಿಂಕರಿಂಗ್, ಪೇಂಟು 10,000. ಒಟ್ಟು 68,000 ರೂಪಾಯಿ.

ಅದೇ ವಾರ ಹಳೇ ಕಾರು ಕೊಳ್ಳುವವರೊಬ್ಬರನ್ನು ಕೇಳಿದೆ. 'ಇದಕ್ಕೆ 65,000 ಕೊಡ್ತೀನಿ ಮೇಡಂ' ಅಂದರು. 65,000ದ ಕಾರಿಗೆ 68,000ದ ರಿಪೇರಿ! ಮೂಗಿಗಿಂತ ಮೂಗುತಿ ಭಾರ ಅಲ್ವಾ?

ಆಫೀಸಿನಲ್ಲಿ ಎಲ್ಲರೂ ಹೇಳಿದ್ದು ಒಂದೇ. 'ಲೀಸ್ ತಗೋ. ಡೌನ್ ಪೇಮೆಂಟ್ ಇಲ್ಲ, ಇನ್ಶೂರೆನ್ಸ್ ಚಿಂತೆ ಇಲ್ಲ, ಸರ್ವೀಸ್ ಅವರದ್ದೇ. ನೀನು ಪೆಟ್ರೋಲ್ ಹಾಕು, ಓಡಿಸು.' ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಬೇರೆ ಶೇ. 18ಕ್ಕೆ ಇಳಿದಿದೆ. ಆ ಸುದ್ದಿಯನ್ನು ಇದೇ ಸ್ಟುಡಿಯೋದಲ್ಲಿ ಕೂತು ಓದಿದವಳು ನಾನೇ. ಓದ್ತಾ ಓದ್ತಾ ನನಗೇ ಆಸೆ ಆಯ್ತು. ಒಂದು ವಿಷಯ ಒಪ್ಪಿಕೊಳ್ತೀನಿ. ಚಾನೆಲ್ ಪಾರ್ಕಿಂಗ್‌ನಲ್ಲಿ ನನ್ನ ಕಾರು ನಿಂತಾಗ ಸೆಕ್ಯೂರಿಟಿ ಹುಡುಗ ಕೂಡ ಒಮ್ಮೆ, 'ಮೇಡಂ, ಇದು ನಿಮ್ಮದೇನಾ?' ಅಂತ ಕೇಳಿದ್ದ. ಆ ಪ್ರಶ್ನೆಯೂ ನನ್ನ ಲೆಕ್ಕದೊಳಗೆ ಸೇರಿಕೊಂಡಿತ್ತು. ಆಸೆಯನ್ನು ಲೆಕ್ಕದಿಂದ ಹೊರಗಿಟ್ಟೆ ಅಂತ ಹೇಳಿದರೆ ಸುಳ್ಳಾಗುತ್ತೆ.

ಲೀಸ್ ಅಂದರೇನು ಅಂತ ಸರಳವಾಗಿ ಹೇಳ್ತೀನಿ. ಸಾಲದಲ್ಲಿ ಕಂತು ಮುಗಿದ ಮೇಲೆ ಕಾರು ನಿಮ್ಮದು. ಲೀಸ್‌ನಲ್ಲಿ ನೀವು ಕಟ್ಟೋದು ಬಾಡಿಗೆ. ಅವಧಿ ಮುಗಿದ ಮೇಲೆ ಕಾರನ್ನು ವಾಪಸ್ ಕೊಡಬೇಕು, ಇಲ್ಲವೇ ಕರಾರಿನಲ್ಲಿ ಬರೆದಿರುವ ಬೆಲೆ ಕೊಟ್ಟು ಕೊಂಡುಕೊಳ್ಳಬೇಕು. ಕಂಪನಿಯ ಮೂಲಕ ತಗೊಂಡರೆ ಬಾಡಿಗೆ ತೆರಿಗೆಗೆ ಮೊದಲೇ ಸಂಬಳದಿಂದ ಕಡಿತವಾಗುತ್ತೆ, ಸೌಲಭ್ಯದ ಮೌಲ್ಯ ಅಂತ ಒಂದು ಮೊತ್ತವನ್ನು ಮಾತ್ರ ಆದಾಯಕ್ಕೆ ಸೇರಿಸ್ತಾರೆ. ಹಾಗಾಗಿ ತೆರಿಗೆಯಲ್ಲಿ ಉಳಿತಾಯ ಇದೆ. ನನಗೆ ಬಂದ ಲೀಸ್ ತಿಂಗಳಿಗೆ 21,000, 48 ತಿಂಗಳು. ತೆರಿಗೆ ಉಳಿತಾಯ ಕಳೆದರೆ ಕೈಯಿಂದ ಹೋಗೋದು ಸುಮಾರು 16,000. ನಾಲ್ಕು ವರ್ಷಕ್ಕೆ 7,68,000. ಕೊನೆಗೆ ಕಾರು ನನ್ನದಲ್ಲ.

ಈಗ ಹಳೇ ಕಾರಿಗೆ ಬನ್ನಿ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಇದನ್ನು ಹೇಳಿದಾಗ ನಮ್ಮ ಮೆಕ್ಯಾನಿಕ್, 'ಮೇಡಂ, ನೀವು ಓದಿದ್ದೀರಿ, ನಾನು ಬಿಚ್ಚಿದ್ದೀನಿ' ಅಂದರು. ಸರಿಯಾದ ಮಾತು. ಆದರೆ ಓದಿದ್ದರಿಂದ ಒಂದು ಉಪಯೋಗ ಆಯ್ತು. ನಾವೆಲ್ಲ ಮಾಡುವ ತಪ್ಪೊಂದಿದೆ. ರಿಪೇರಿ ಖರ್ಚನ್ನು ಕಾರಿನ ಮಾರಾಟ ಬೆಲೆಗೆ ಹೋಲಿಸ್ತೀವಿ. 68,000 ದೊಡ್ಡದೋ, 65,000 ದೊಡ್ಡದೋ ಅಂತ ನೋಡ್ತೀವಿ. ಆ ಹೋಲಿಕೆಯೇ ತಪ್ಪು. ಹಳೇ ಕಾರು ಇಟ್ಕೊಂಡರೆ ಮುಂದೆ ತಿಂಗಳಿಗೆ ಎಷ್ಟು, ಬಿಟ್ಟರೆ ಎಷ್ಟು? ಹೋಲಿಸಬೇಕಾದ್ದು ಇದನ್ನು.

ಮೂರು ವರ್ಷ ಓಡಿಸ್ತೀನಿ ಅಂದುಕೊಳ್ಳಿ. 68,000ವನ್ನು 36 ತಿಂಗಳಿಗೆ ಹಂಚಿದರೆ ಸುಮಾರು 1,900. ಸರ್ವೀಸು, ಇನ್ಶೂರೆನ್ಸು ವರ್ಷಕ್ಕೆ 30,000, ಅಂದರೆ ತಿಂಗಳಿಗೆ 2,500. ಗೊತ್ತಿಲ್ಲದೇ ಬರುವ ರಿಪೇರಿಗೆ 2,000. ಇವತ್ತು ಮಾರಿದ್ದರೆ ಸಿಗುತ್ತಿದ್ದ 65,000 ಮೂರು ವರ್ಷದ ನಂತರ ಸೊನ್ನೆ ಆಗುತ್ತೆ ಅಂತಲೇ ಇಟ್ಕೊಳ್ಳಿ, ಅದು 1,800. ನವೀಕರಣದ ಖರ್ಚು 200. ಎಲ್ಲ ಸೇರಿ ತಿಂಗಳಿಗೆ 8,400. ಪೆಟ್ರೋಲ್ ಎರಡಕ್ಕೂ ಬೇಕು, ಅದನ್ನು ಬಿಟ್ಟಿದ್ದೀನಿ. 16,000 ಎಲ್ಲಿ, 8,400 ಎಲ್ಲಿ?

ನಮ್ಮಪ್ಪನ ವಾದ ಬೇರೆ ಇತ್ತು. 'ಹೋದ ವರ್ಷ ಇಂಜಿನ್‌ಗೆ 40,000 ಸುರಿದಿದ್ದೀಯ. ಈಗ ಬಿಟ್ಟರೆ ಅದು ದಂಡ ಅಲ್ವೇನಮ್ಮ?' ಅಲ್ಲ ಅಪ್ಪ, ಅದು ಆಗಲೇ ಹೋದ ದುಡ್ಡು. ಇಟ್ಕೊಂಡರೂ ವಾಪಸ್ ಬರಲ್ಲ, ಬಿಟ್ಟರೂ ಬರಲ್ಲ. ಹೋದ ದುಡ್ಡನ್ನು ನೋಡಿ ಬರೋ ದುಡ್ಡಿನ ತೀರ್ಮಾನ ಮಾಡಬಾರದು. ಇದು ಕಾರಿಗಷ್ಟೇ ಅಲ್ಲ, ಬೋರ್‌ವೆಲ್‌ಗೂ ಸತ್ಯ. ಒಂದು ಬೋರು ಫೇಲ್ ಆಯ್ತು ಅಂತ ಅದೇ ಹಠಕ್ಕೆ ಎರಡು, ಮೂರು ಕೊರೆಸಿದವರು ನಮ್ಮೂರಲ್ಲಿ ಎಷ್ಟು ಜನ ಇಲ್ಲ?

ಹಾಗಾದರೆ ರಿಪೇರಿಯೇ ಗೆದ್ದಿತಾ? ಇಲ್ಲ ವೀಕ್ಷಕರೇ. ಇಲ್ಲಿವರೆಗೆ ಹೇಳಿದ್ದು ದುಡ್ಡಿನ ಲೆಕ್ಕ ಅಷ್ಟೇ.

ಹೋದ ಮಳೆಗಾಲದಲ್ಲಿ ಊರಿಗೆ ಹೋಗ್ತಿದ್ವಿ. ಬಿ.ಎಚ್. ರಸ್ತೆ, ಗುಬ್ಬಿ ದಾಟಿದ ಮೇಲೆ. ಸಂಜೆ, ಜಡಿಮಳೆ. ಮುಂದೆ ಹಿಂಬದಿ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್. ಕಂಡ ತಕ್ಷಣ ಬ್ರೇಕ್ ಒತ್ತಿದೆ. ಚಕ್ರ ನಿಂತಿತು, ಕಾರು ನಿಲ್ಲಲಿಲ್ಲ. ಜಾರಿಕೊಂಡು ಹೋಗಿ ಟ್ರೈಲರ್‌ಗೆ ಮೂರು ಗೇಣು ದೂರದಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಆರು ವರ್ಷದ ನನ್ನ ಮಗಳು, ಪಕ್ಕದಲ್ಲಿ ಅಪ್ಪ. ಯಾರಿಗೂ ಏನೂ ಆಗಲಿಲ್ಲ. ಆದರೆ ತಿಪಟೂರು ತಲುಪುವ ತನಕ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ. ಎಬಿಎಸ್ ಇಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋದೇ ಎಬಿಎಸ್. ಚಕ್ರ ಉರುಳ್ತಾ ಇದ್ದರೆ ಮಾತ್ರ ಸ್ಟೀರಿಂಗ್ ನಮ್ಮ ಮಾತು ಕೇಳುತ್ತೆ. ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ. ಚಾಲಕನ ಏರ್‌ಬ್ಯಾಗ್ ಅದೇ ವರ್ಷ ಜುಲೈನಲ್ಲಿ. ಪಕ್ಕದ ಸೀಟಿನ ಏರ್‌ಬ್ಯಾಗ್ ಅದಕ್ಕೂ ನಂತರ. ಯಾವ ಮೆಕ್ಯಾನಿಕ್ ಕೂಡ 68,000ಕ್ಕೆ ಇವನ್ನು ಹಾಕಿ ಕೊಡಲಾರ. ರಿಪೇರಿ ಮಾಡಿದರೆ ಕಾರು 2010ರಲ್ಲಿ ಹೇಗಿತ್ತೋ ಹಾಗಾಗುತ್ತೆ, ಅಷ್ಟೇ. 2025ರ ಕಾರು ಆಗಲ್ಲ.

ಅವತ್ತು ರಾತ್ರಿ ಲೀಸ್ ಪತ್ರಕ್ಕೆ ಸಹಿ ಹಾಕೇಬಿಡೋಣ ಅಂತ ಕೂತೆ. ಸಹಿಗೆ ಮೊದಲು ಸಣ್ಣ ಅಕ್ಷರ ಓದಿದೆ. 48 ತಿಂಗಳಿಗೆ ಮೊದಲೇ ಬಿಟ್ಟರೆ ದಂಡ. ಕೆಲಸ ಬಿಟ್ಟರೆ ಕಾರನ್ನು ಕೊಂಡುಕೊಳ್ಳಬೇಕು, ಇಲ್ಲವೇ ದಂಡ ಕಟ್ಟಿ ಒಪ್ಪಿಸಬೇಕು. ನನ್ನ ಜೊತೆ ಇದ್ದ ಒಬ್ಬ ಸಹೋದ್ಯೋಗಿ ನೆನಪಾದರು. ಲೀಸ್ ತಗೊಂಡು ಒಂದೂವರೆ ವರ್ಷಕ್ಕೆ ಅವರ ಕೆಲಸ ಹೋಯ್ತು. ಕೊನೆಯ ಸೆಟಲ್‌ಮೆಂಟ್‌ನ ದುಡ್ಡು ದೊಡ್ಡ ಪಾಲು ಕಾರಿನ ದಂಡಕ್ಕೇ ಹೋಯ್ತು. ಕೆಲಸವೂ ಹೋಯ್ತು, ಕಾರೂ ಹೋಯ್ತು, ದುಡ್ಡೂ ಹೋಯ್ತು. ಟಿವಿಯಲ್ಲಿ ದಿನಾ ಕಾಣುವ ಮುಖಕ್ಕೆ ಕೆಲಸ ಗಟ್ಟಿ ಅಂತ ನೀವು ಅಂದುಕೊಳ್ಳಬಹುದು. ನನಗೆ 48 ತಿಂಗಳ ಗ್ಯಾರಂಟಿ ಯಾರೂ ಕೊಟ್ಟಿಲ್ಲ. ನಿಮಗೆ ಯಾರಾದರೂ ಕೊಟ್ಟಿದ್ದಾರಾ?

ಪೆನ್ನು ಕೆಳಗಿಟ್ಟೆ. ಮಾರನೇ ದಿನ ಮೆಕ್ಯಾನಿಕ್‌ಗೆ ಒಂದೇ ಪ್ರಶ್ನೆ ಕೇಳಿದೆ. 'ಕಾರಿನ ಬುಡ ಹೇಗಿದೆ?' ಅವರು ಹೇಳಿದ್ದು ಇಷ್ಟು. 'ಬುಡಕ್ಕೆ ತುಕ್ಕು ಹಿಡಿದಿದ್ದರೆ ನಾನೇ ಬೇಡ ಅಂತಿದ್ದೆ ಮೇಡಂ. ಕ್ಲಚ್ಚು ಬದಲಾಯಿಸಬಹುದು, ಮೈ ಬದಲಾಯಿಸೋಕಾಗಲ್ಲ. ಇದರ ಮೈ ಗಟ್ಟಿ ಇದೆ.'

ಕೊನೆಗೆ ಮಾಡಿದ್ದೇನು ಗೊತ್ತಾ? ಓಡೋದಕ್ಕೆ, ನಿಲ್ಲೋದಕ್ಕೆ ಬೇಕಾದ ಕೆಲಸ ಮಾತ್ರ ಮಾಡಿಸಿದೆ. ಕ್ಲಚ್, ಸಸ್ಪೆನ್ಷನ್, ಬ್ರೇಕ್, ಟೈರು, ರೇಡಿಯೇಟರ್, ಪೈಪು. 40,000. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇರೋದರಿಂದ ಹಳೇ ರಬ್ಬರ್ ಪೈಪುಗಳನ್ನು ಬಿಡುವ ಹಾಗಿರಲಿಲ್ಲ. ಪೇಂಟ್ ಬಿಟ್ಟೆ. ಎಸಿ ಬಿಟ್ಟೆ. 'ಕಿಟಕಿ ಇಲ್ವಾ?' ಅಂದರು ಅಪ್ಪ.

ಆಮೇಲೆ ಮನೆಯಲ್ಲಿ ಒಂದು ನಿಯಮ ಮಾಡಿದ್ವಿ. ಈ ಕಾರು ಊರೊಳಗೆ ಮಾತ್ರ. ಮಗಳ ಶಾಲೆ, ಅಪ್ಪನ ಆಸ್ಪತ್ರೆ, ನನ್ನ ಸ್ಟುಡಿಯೋ. ಹಿಂದೆ ಕೂತವರಿಗೂ ಬೆಲ್ಟ್. ಹೆದ್ದಾರಿಗೆ ಇಳಿಸಲ್ಲ. ತಿಪಟೂರಿಗೆ ರೈಲಿದೆ, ರೈಲಿನಲ್ಲಿ ಹೋಗ್ತೀವಿ. ಲೀಸ್‌ಗೂ ಹಳೇ ಕಾರಿಗೂ ಇರುವ ವ್ಯತ್ಯಾಸದ ದುಡ್ಡಿನಲ್ಲಿ ತಿಂಗಳಿಗೆ 7,500ವನ್ನು ಆರ್‌ಡಿಗೆ ಹಾಕ್ತಿದ್ದೀನಿ. ಮೂರು ವರ್ಷಕ್ಕೆ ಬಡ್ಡಿ ಬಿಟ್ಟು 2,70,000. ಅದು ಏರ್‌ಬ್ಯಾಗ್ ಇರುವ ಕಾರಿನ ಮುಂಗಡ. 2023ರ ಅಕ್ಟೋಬರ್‌ನಿಂದ ನಮ್ಮಲ್ಲೇ ಭಾರತ್ ಎನ್‌ಕ್ಯಾಪ್ ಅಂತ ಅಪಘಾತ ಪರೀಕ್ಷೆ ನಡೀತಿದೆ. ಬಣ್ಣ ನೋಡುವ ಮೊದಲು ಅದರ ಸ್ಟಾರ್ ನೋಡ್ತೀನಿ.

ಇದು ನನ್ನ ಉತ್ತರ. ನಿಮ್ಮದು ಇದೇ ಆಗಬೇಕಿಲ್ಲ. ವಾರಕ್ಕೊಮ್ಮೆ ಮಕ್ಕಳನ್ನು ಕರ್ಕೊಂಡು ಹೆದ್ದಾರಿಯಲ್ಲಿ ಓಡಾಡುವವರಿಗೆ ನಾನು ರಿಪೇರಿ ಮಾಡಿಸಿ ಅನ್ನಲ್ಲ. ಅವರಿಗೆ ಮೂರನೇ ದಾರಿಯೊಂದಿದೆ. ಎಬಿಎಸ್, ಎರಡು ಏರ್‌ಬ್ಯಾಗ್ ಇರುವ, ನಾಲ್ಕೈದು ವರ್ಷ ಓಡಿದ ಕಾರು. ಇನ್ಶೂರೆನ್ಸ್ ಲೆಕ್ಕದಲ್ಲೇ ಐದನೇ ವರ್ಷಕ್ಕೆ ಕಾರಿನ ಮೌಲ್ಯ ಅರ್ಧಕ್ಕೆ ಇಳಿಯುತ್ತೆ. ಆ ಅರ್ಧದ ನಷ್ಟವನ್ನು ಮೊದಲ ಮಾಲೀಕರು ಆಗಲೇ ತಿಂದಿರ್ತಾರೆ. ಇನ್ನು ಕೆಲಸ ಗಟ್ಟಿ ಇದ್ದು, ತೆರಿಗೆ ಹೆಚ್ಚು ಕಟ್ಟುವವರಿಗೆ, ನಾಲ್ಕು ವರ್ಷಕ್ಕೊಮ್ಮೆ ಹೇಗೂ ಕಾರು ಬದಲಾಯಿಸುವವರಿಗೆ ಲೀಸ್ ಸರಿಹೋಗಬಹುದು.

ಮನೆಯಲ್ಲಿ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಕಾರಿನ ಬುಡ ಗಟ್ಟಿ ಇದೆಯಾ? ತಿಂಗಳ ಲೆಕ್ಕ ಎಷ್ಟು? ಸಂಬಳ ಆರು ತಿಂಗಳು ನಿಂತರೆ ಏನು ಮಾಡ್ತೀರಿ? ಆ ಕಾರಿನಲ್ಲಿ ಯಾರು ಕೂರ್ತಾರೆ, ಯಾವ ರಸ್ತೆಯಲ್ಲಿ ಹೋಗ್ತಾರೆ? ಶೋರೂಮಿನವರು ಎರಡನೆಯದಕ್ಕೆ ಮಾತ್ರ ಉತ್ತರ ಕೊಡ್ತಾರೆ, ಅದೂ ಅರ್ಧ.

ಕೀ ಕೊಡೋ ದಿನ ಅಪ್ಪ ಹೇಳಿದ್ದರು, 'ನನ್ನ ಮುಖ ನೋಡಿಕೊಂಡು ಇದನ್ನು ಇಟ್ಕೋಬೇಡ ಕಣಮ್ಮ, ಉಪಯೋಗ ಇದ್ದರೆ ಇಟ್ಕೋ.' ಈಗ ಉಪಯೋಗ ಇದೆ, ಇಟ್ಕೊಂಡಿದ್ದೀನಿ. ಉಪಯೋಗ ಮುಗಿದ ದಿನ ಕೊಡ್ತೀನಿ. ಅಲ್ಲಿವರೆಗೆ ಪಾರ್ಕಿಂಗ್‌ನಲ್ಲಿ ಯಾರಾದರೂ 'ಇದು ನಿಮ್ಮದೇನಾ?' ಅಂದರೆ, ಹೌದು, ನಮ್ಮದೇ ಅಂತೀನಿ. ಕಂತು ಬಾಕಿ ಇಲ್ಲದ ಕಾರು.